ಟ್ಯೂಸ್ಡೇ ಲಾಂಡ್ರಿಯ ಜೊತೆ ನಾಲ್ಕು ಊರು

ತೊಂಬತ್ತರ ದಶಕದ ನಡುವಿನ ಒಂದು ನವೆಂಬರ್. ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ ನಮ್ಮ ಮನೆಯ ಮುಂದಿನಿಂದ ಮೆಟಡೋರ್ ಹೊರಟಿತು. ಬಾಡಿಗೆ ಕಿಲೋಮೀಟರಿಗೆ ಮೂರು ರೂಪಾಯಿ. ಹಿಂದೆ ಡ್ರಮ್ಮುಗಳು, ಎರಡು ಆಂಪ್ಲಿಫೈಯರ್, ಒಂದು ಹೊಗೆ ಮಷಿನ್. ಮುಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ಚಕ್ಕುಲಿ ಡಬ್ಬ. ಎಪ್ಪತ್ತು ದಾಟಿದ ಮೇಲೆ ರಾಕ್ ಬ್ಯಾಂಡಿನ ಜೊತೆ ಟೂರ್ ಹೊರಟವಳು ನಾನೊಬ್ಬಳೇ ಇರಬೇಕು.

"ಅಜ್ಜಿ ಜೊತೆಗಿದ್ದರೆ ಮಾತ್ರ ಹೋಗು" ಎಂದು ಮೊಮ್ಮಗಳು ನಂದಿತಾಗೆ ಅವಳಪ್ಪ ಷರತ್ತು ಹಾಕಿದ್ದ. ಅವಳು 'ಬ್ಲಾಕ್ ಕ್ವಾರಿ' ಎಂಬ ಹೆವಿ ಮೆಟಲ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಅವರ ಕಾರ್ಯಕ್ರಮಕ್ಕೆ ನಾನು ಒಮ್ಮೆ ಹೋಗಿದ್ದೆ. ಕಲ್ಲು ಕ್ರಷರ್ ಪಕ್ಕ ನಿಂತಂತಾಯಿತು. ಅದೇ ಬ್ಯಾಂಡಿನ ಗಿಟಾರಿಸ್ಟ್ ವೆಂಕಟೇಶ, ಡ್ರಮ್ಮರ್ ಇಮ್ತಿಯಾಜ್ ಮತ್ತು ಇವಳು ಸೇರಿ ಬೇರೆ ಬಗೆಯ ಹಾಡು ಕಟ್ಟತೊಡಗಿದ್ದರು. "ಆಲ್ಟರ್ನೇಟಿವ್ ರಾಕ್, ಅಜ್ಜಿ. ಇದು ನಮ್ಮ ಸೈಡ್ ಪ್ರಾಜೆಕ್ಟ್" ಎಂದಿದ್ದಳು. ಮಂಗಳವಾರ ಕ್ವಾರಿಗೆ ರಜೆ. ಅಂದು ನಮ್ಮ ತಾರಸಿಯ ಮೇಲೆ, ಒಣಹಾಕಿದ ಸೀರೆ, ಬೆಡ್‌ಶೀಟುಗಳ ನಡುವೆ ಇವರ ಪ್ರಾಕ್ಟೀಸ್. ಹೀಗಾಗಿ ಹೆಸರು 'ಟ್ಯೂಸ್ಡೇ ಲಾಂಡ್ರಿ'. ಇಲ್ಲಿ ಹಾಡುವವಳು ನಂದಿತಾ.

ಅವಳದು ನನ್ನದೇ ದನಿ. ಕಾನ್ವೆಂಟಿನ ಕ್ವಾಯರ್‌ನಲ್ಲಿ ಸಿಸ್ಟರ್ ನನ್ನನ್ನು ಹಿಂದಿನ ಸಾಲಿಗೆ ನಿಲ್ಲಿಸಿ, "ಸ್ವೀಟ್, ಬಟ್ ಸ್ಮಾಲ್" ಎಂದಿದ್ದರು. ಆ ಸಣ್ಣ ದನಿ ಮದುವೆಯ ನಂತರ ಜೋಗುಳಕ್ಕಷ್ಟೇ ಉಪಯೋಗಕ್ಕೆ ಬಂತು.

ಕ್ವಾರಿಯ ಲೀಡರ್‌ಗೆ ಈ ಲಾಂಡ್ರಿ ಹಿಡಿಸಿರಲಿಲ್ಲ. ಜಗಳವಾಗಿ, ಕೊನೆಗೊಂದು ಒಪ್ಪಂದವಾಯಿತು. ವೆಂಕಟೇಶನ ಕಡೆಯ ನಾಲ್ಕು ಊರುಗಳಲ್ಲಿ ಹಾಡಿ ಬರಬೇಕು. ಎಲ್ಲಾದರೂ ಒಬ್ಬರೇ ಒಬ್ಬರು ಯಾವುದಾದರೂ ಹಾಡನ್ನು ಇನ್ನೊಮ್ಮೆ ಕೇಳಿದರೆ ಲಾಂಡ್ರಿ ಉಳಿಯಲಿ. ಇಲ್ಲದಿದ್ದರೆ ಮುಚ್ಚಿ, ಮಂಗಳವಾರವೂ ಕ್ವಾರಿಗೇ. ನಂದಿತಾ ಕೈಕುಲುಕಿ ಒಪ್ಪಿಕೊಂಡಿದ್ದಳು.

ಹೈದರಾಬಾದ್ ರಸ್ತೆಯಲ್ಲಿ ಐವತ್ತಾರು ಕಿಲೋಮೀಟರ್ ಹೋಗಿ, ತಿಂಡಿಯ ಹೊತ್ತಿಗೆ ಚಿಕ್ಕಬಳ್ಳಾಪುರ ಸೇರಿದೆವು. ನಂದಿ ಬೆಟ್ಟದ ತಲೆಗೆ ಮಂಜು ಮುಸುಕಿತ್ತು. ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ಚೆನ್ನಾಗಿತ್ತು, ಕಾಫಿ ಸಾಧಾರಣ. ಮಧ್ಯಾಹ್ನ ಕಲ್ಯಾಣ ಮಂಟಪವೊಂದರಲ್ಲಿ ಕಾರ್ಯಕ್ರಮ. ಕಾಲೇಜು ಹುಡುಗರು ತುಂಬಿದ್ದರು, ಆದರೆ ಅವರು ಬಂದಿದ್ದು ಕ್ವಾರಿಯ ಹೆಸರು ಕೇಳಿ. ಎರಡನೇ ಹಾಡಿಗೇ ಕೂಗು ಎದ್ದಿತು.

"ಮೇಡಂ, ಜೋರಾಗಿರೋದು ಹಾಕ್ರೀ!"

"ಇದೇನು ಭಜನೇನಾ?"

ಇಮ್ತಿಯಾಜ್‌ನ ಕೈ ತಡೆಯಲಿಲ್ಲ, ಕ್ವಾರಿಯ ಶೈಲಿಯಲ್ಲೇ ಬಾರಿಸತೊಡಗಿದ. ಹುಡುಗರು ಕುಣಿದರು. ನಂದಿತಾಳ ತುಟಿ ಅಲುಗುವುದು ಕಾಣುತ್ತಿತ್ತು, ಹಾಡು ಕೇಳಿಸಲಿಲ್ಲ.

ಶನಿವಾರ ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೆ ಹೋದೆವು. ರಸ್ತೆಯ ಎರಡೂ ಕಡೆ ಕೊಯ್ದ ಕಡಲೆಕಾಯಿ ಹೊಲ, ದೂರದಲ್ಲಿ ಒಂಟಿ ಗುಡ್ಡಗಳು. ಕ್ಲಬ್ಬೊಂದರ ಶೆಡ್ಡಿನಲ್ಲಿ ಕುಟುಂಬಸ್ಥರು ಮಕ್ಕಳೊಂದಿಗೆ ಬಂದು ಕೂತಿದ್ದರು. ಇವರಾದರೂ ಕೇಳುತ್ತಾರೆಂದು ನಾನು ಆಸೆಪಟ್ಟೆ. ಆದರೆ ಇಮ್ತಿಯಾಜ್ ಹೊಗೆ ಮಷಿನ್ ಹಾಕಿಬಿಟ್ಟ. ಮಕ್ಕಳು ಕೆಮ್ಮಿದವು, ಒಬ್ಬ ತಾಯಿ ಬೆಂಕಿಯೆಂದು ಮಗುವನ್ನೆತ್ತಿಕೊಂಡು ಓಡಿದರು, ಅವರ ಹಿಂದೆ ಉಳಿದವರು.

"ಮೆಟಲ್ ಬಿಟ್ಟರೂ ಮೆಟಲ್ ಬುದ್ಧಿ ಬಿಡಲ್ವಲ್ಲೋ ನೀನು!" ಎಂದಳು ನಂದಿತಾ.

"ಸ್ಟೇಜ್ ಅಂದ್ರೆ ಹೊಗೆ ಬೇಡ್ವೇನೇ?"

"ಅಡುಗೆಮನೆ ನೋಡಿದ್ದೀಯಾ? ಅಲ್ಲೂ ಇರುತ್ತೆ ಹೊಗೆ. ಯಾರಾದ್ರೂ ಚಪ್ಪಾಳೆ ತಟ್ತಾರಾ?"

ಭಾನುವಾರ ಚಿಕ್ಕಬಳ್ಳಾಪುರಕ್ಕೆ ವಾಪಸು ಬಂದು ಶಿಡ್ಲಘಟ್ಟದ ದಾರಿ ಹಿಡಿದೆವು. ಊರು ಹತ್ತಿರವಾಗುತ್ತಲೇ ರೇಷ್ಮೆಗೂಡು ಬೇಯಿಸುವ ವಾಸನೆ ಗಾಡಿಯೊಳಗೆ ಬಂತು. ರೇಷ್ಮೆ ವ್ಯಾಪಾರದ ಸಾಹೇಬರೊಬ್ಬರು ತಮ್ಮ ಗೋಡೌನ್ ಬಿಟ್ಟುಕೊಟ್ಟಿದ್ದರು. ನೂಲು ಬಿಚ್ಚುವ ಕೆಲಸದವರು ಬಂದು ಕೊನೆಯವರೆಗೂ ಕೂತರು, ಎದ್ದು ಹೋದರು. ಇನ್ನೊಮ್ಮೆ ಹಾಡೆಂದು ಯಾರೂ ಕೇಳಲಿಲ್ಲ. ಸಾಹೇಬರು ಮಾತ್ರ ನಮಗೆ ಚಾ ತರಿಸಿ, "ಬೇಟಿ, ನೀನು ಬಾಯಿ ತೆಗೆದಿದ್ದು ನೋಡ್ದೆ, ಹಾಡು ಕೇಳಿಸ್ಲಿಲ್ಲ. ಮಷಿನ್ ಸದ್ದಲ್ಲಿ ಇಡೀ ದಿನ ಇರೋ ಜನ ಇವರು. ಇಲ್ಲಿಗೂ ಬಂದು ಮಷಿನ್ನೇ ಕೇಳಬೇಕಾ?" ಎಂದರು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದ್ದರು. ನಂದಿತಾ ಚಾ ಮುಗಿಸಲಿಲ್ಲ.

ಸೋಮವಾರ ಕೊನೆಯ ದಿನ. ಚಿಂತಾಮಣಿಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡೆವು. ಊಟಕ್ಕೆ ಹನ್ನೆರಡು ರೂಪಾಯಿ. ಪಕ್ಕದಲ್ಲೇ ಕೈವಾರಕ್ಕೆ ಹೊರಟ ಬಸ್ಸೊಂದು ಜನರನ್ನು ತುಂಬಿಕೊಳ್ಳುತ್ತಿತ್ತು. ಕಾರ್ಯಕ್ರಮ ಇದ್ದದ್ದು ಕೆಂಚಾರ್ಲಹಳ್ಳಿಯಲ್ಲಿ, ವೆಂಕಟೇಶನ ದೊಡ್ಡಮ್ಮ ಗಂಗಮ್ಮನ ಮನೆಯ ಮುಂದೆ. ಇಡೀ ಬೀದಿಯ ಜನರನ್ನು ಸೇರಿಸುತ್ತೇನೆಂದು ಆಕೆ ಮಾತು ಕೊಟ್ಟಿದ್ದರು.

ಹೋಗಿ ನೋಡಿದರೆ ಅಂಗಳ ಖಾಲಿ. ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು.

"ಹಾಡೂ ಇಲ್ಲ ಪಾಡೂ ಇಲ್ಲ ಕಣಪ್ಪ ವೆಂಕಟೇಶ. ನಾಳೆ ಹಣ್ಣಾಗಬೇಕಾಗಿದ್ದ ಹುಳ ಇವತ್ತೇ ಹಣ್ಣಾಗೈತೆ. ಬೀದಿಯೋರೆಲ್ಲ ಒಳಗವ್ರೆ. ನೀವೂ ಬನ್ನಿ, ಕೈ ತೊಳ್ಕಳಿ!"

ರೇಷ್ಮೆಹುಳು ಮೇಯುವುದು ಮುಗಿಸಿ, ಮೈ ಹಳದಿಗೆ ತಿರುಗಿ ತಲೆಯೆತ್ತಿದರೆ ಹಣ್ಣಾಯಿತೆಂದು ಲೆಕ್ಕ. ಆಗ ಹುಳು ಸಾಕುವ ತಟ್ಟೆಗಳಿಂದ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುತ್ತುಸುತ್ತಾಗಿ ಹೆಣೆದ ಚಾಪೆಗೆ, ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ಹಾಳು. ಅಂಥ ದಿನ ಅಕ್ಕಪಕ್ಕದವರೆಲ್ಲ ಬಂದು ಕೈಜೋಡಿಸುವುದು ಅಲ್ಲಿಯ ಪದ್ಧತಿ; ನೆಂಟರಿಗೂ ವಿನಾಯಿತಿ ಇಲ್ಲ.

ಹುಳುಗಳಿಗೆ ಸೋಂಕು ತಾಗದಿರಲೆಂದು ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆವು. ಇಮ್ತಿಯಾಜ್‌ನನ್ನು ಗಂಗಮ್ಮ ಬಾಗಿಲಲ್ಲೇ ತಡೆದರು.

"ಸಿಗರೇಟ್ ಸೇದೀಯೇನಪ್ಪ? ಆ ಕೈ ತಾಕಿದ್ರೆ ಹುಳ ಸಾಯ್ತವೆ. ನೀನು ಹೊರಗಿರು."

"ಹೊಗೆ ಮಷಿನ್ ಬೇರೆ ತಂದವ್ನೆ, ದೊಡ್ಡಮ್ಮ" ಎಂದ ವೆಂಕಟೇಶ.

"ಅಯ್ಯೋ ನನ್ನಪ್ಪ! ಅದನ್ನ ಊರಾಚೆ ಇಟ್ಟು ಬಾ!"

ಹೆಂಗಸರೆಲ್ಲ ನಕ್ಕರು. ನನಗೆ ಮಣೆ ಕೊಟ್ಟರು. ಹುಳು ಕೈಗೆ ತಣ್ಣಗೆ, ಮೆತ್ತಗೆ ತಾಕಿತು. ಮೊದಲು ಮೈ ಜುಮ್ಮೆಂದಿತು, ಆಮೇಲೆ ರೂಢಿಯಾಯಿತು. ಪಕ್ಕದಲ್ಲಿ ನಂದಿತಾ ಹುಳು ಆರಿಸುತ್ತಿದ್ದಳು.

"ಮುಗೀತು ಅಲ್ವಾ ಅಜ್ಜಿ?" ಎಂದಳು, ತಲೆಯೆತ್ತದೆ.

"ಅಗೋ, ಅಲ್ಲೊಂದು ಹಣ್ಣಾಗಿದೆ ನೋಡು" ಎಂದೆ.

ಹೊರಗೆ ಕೂತು ಬೇಸರವಾಗಿ, ಇಮ್ತಿಯಾಜ್ ಹಿಪ್ಪುನೇರಳೆ ಸೊಪ್ಪು ತುಂಬುವ ಮಂಕರಿಯನ್ನು ಬೋರಲು ಹಾಕಿಕೊಂಡು ಬೆರಳಲ್ಲಿ ತಟ್ಟತೊಡಗಿದ. ಹುಳು ಬೆದರೀತೆಂಬ ಭಯಕ್ಕೆ ಬಹಳ ಮೆಲ್ಲಗೆ. ತಾರಸಿಯ ಮೇಲೆ ಅವರು ಕಟ್ಟಿದ ಹಾಡೊಂದರ ಬಡಿತ ಅದು. ಮೋಡದ ದಿನ ತಂತಿಯ ಮೇಲೆ ಒಣಗದೆ ನೇತಾಡುವ ಬಟ್ಟೆಗಳ ಬಗ್ಗೆ ನಂದಿತಾ ಬರೆದದ್ದು. ಮಾತು ಇಂಗ್ಲಿಷಿನದು, ಕೊನೆಗೆ ಮಾತಿಲ್ಲದ ಗುನುಗು. ಕೈಕೆಲಸ ನಿಲ್ಲಿಸದೆ ಅವಳು ಅದನ್ನು ಹೇಳಿಕೊಳ್ಳತೊಡಗಿದಳು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಆ ಹಾಡು ನನಗೆ ಪೂರ್ತಿ ಕೇಳಿಸಿತು. ಹೆಂಗಸರ ಮಾತು ಕಡಿಮೆಯಾಯಿತು, ಕೈಗಳು ಅದೇ ಲಯಕ್ಕೆ ಓಡಿದವು. ಗುನುಗು ಬಂದಾಗ ಇಬ್ಬರು ಮೂವರು ಸೇರಿಕೊಂಡರು. ನಾನೂ ಸೇರಿಕೊಂಡೆ.

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರ ಕೈಯಲ್ಲೂ ಹುಳುಗಳಿದ್ದವು.

"ಯಾಕೆ ನಿಲ್ಲಿಸ್ದೆ?" ಎಂದರು ಗಂಗಮ್ಮ. "ಇನ್ನೂ ಎರಡು ತಟ್ಟೆ ಐತೆ. ಅದೇ ಹಾಡು ಇನ್ನೊಂದ್ಸಲ ಹೇಳಮ್ಮ."

ನಂದಿತಾ ನನ್ನ ಮುಖ ನೋಡಿದಳು. ಬಾಗಿಲಾಚೆ ಇಮ್ತಿಯಾಜ್ ಎದ್ದು ನಿಂತಿದ್ದ.

ಸಂಜೆಯ ಹೊತ್ತಿಗೆ ಎಲ್ಲ ತಟ್ಟೆಗಳೂ ಖಾಲಿಯಾದವು. ಕಾಫಿ ಕುಡಿದು ಹೊರಟೆವು. ಆಂಪ್ಲಿಫೈಯರುಗಳನ್ನು ಗಾಡಿಯಿಂದ ಇಳಿಸಿಯೇ ಇರಲಿಲ್ಲ.

"ಅದನ್ನ ಒನ್ಸ್ ಮೋರ್ ಅನ್ನೋಕಾಗಲ್ಲ ಕಣೇ. ಕೆಲಸ ಬಾಕಿ ಇತ್ತು, ಅದಕ್ಕೇ ಕೇಳಿದ್ದು" ಎಂದ ಇಮ್ತಿಯಾಜ್.

"ಕೇಳಿದ್ರೋ ಇಲ್ವೋ?"

"ಕೇಳಿದ್ರು."

"ಮತ್ತೆ?"

ಚಿಂತಾಮಣಿಯಲ್ಲಿ ಎಸ್‌ಟಿಡಿ ಬೂತ್ ಕಂಡದ್ದೇ ನಂದಿತಾ ಗಾಡಿ ನಿಲ್ಲಿಸಲು ಹೇಳಿ ಲೀಡರ್‌ಗೆ ಫೋನ್ ಮಾಡಿದಳು. ಗಾಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ಹೂಂ, ಕೇಳಿದ್ರು... ಒಬ್ಬರೇ. ಒಬ್ಬರು ಸಾಕು ಅಂತ ತಾನೆ ಮಾತಾಗಿದ್ದು? ಇಲ್ಲ, ಕರೆಂಟ್ ಇಲ್ಲದೇನೇ... ಹಾಗಾದ್ರೆ ಮಂಗಳವಾರ ನಾವು ಬರಲ್ಲ."

ವಾಪಸು ಬಂದು ಕೂತು ನನ್ನ ಭುಜಕ್ಕೆ ಒರಗಿದವಳು ತಟ್ಟನೆ ನೆಟ್ಟಗಾದಳು. ನನ್ನ ಶಾಲಿನ ಮಡಿಕೆಯಲ್ಲಿ ಒಂದು ಹುಳು ಬಂದುಬಿಟ್ಟಿತ್ತು. ಸುತ್ತ ಆಗಲೇ ಎರಡೆಳೆ ನೂಲು ಬಿಟ್ಟಿತ್ತು. ಇಮ್ತಿಯಾಜ್ ನೋಡಲು ಬಗ್ಗಿದ.

"ನೀನು ಮುಟ್ಟಬೇಡ!" ಎಂದರು ನಂದಿತಾ, ವೆಂಕಟೇಶ ಇಬ್ಬರೂ ಒಟ್ಟಿಗೆ.

ಸ್ಟೀರಿಂಗ್ ಹಿಡಿದಿದ್ದ ವೆಂಕಟೇಶ ಗಾಡಿಯನ್ನು ನಿಧಾನ ಮಾಡಿದ. ಬೆಂಗಳೂರಿನವರೆಗೂ ಯಾರೂ ಕ್ಯಾಸೆಟ್ ಹಾಕಲಿಲ್ಲ. ಮರುದಿನ ಮಂಗಳವಾರ; ಬೆಳಿಗ್ಗೆ ಎದ್ದು ಬಟ್ಟೆಯೆಲ್ಲ ಒಗೆದು ತಾರಸಿಯ ಮೇಲೆ ಹರವಿದೆ. ಆ ಶಾಲೊಂದನ್ನು ಮಾತ್ರ ಒಗೆಯಲಿಲ್ಲ.