ಮೇಜಿನ ದೀಪಕ್ಕೆ ಇಟ್ಟ ಹೆಸರು

ಅಥವಾ ಅಷ್ಟು ಕತ್ತಲೆ ಇರಲೇ ಇಲ್ಲವೇನೋ. ಅವ್ವ ಕತ್ತಲೆಯಲ್ಲಿ ಕುಳಿತಿದ್ದಳು ಎಂದು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಹೇಳುತ್ತ ಹೇಳುತ್ತ ನಾನೇ ಅದನ್ನು ಗಾಢ ಮಾಡಿರಬೇಕು. ಸಂಜೆ ಆರೂವರೆಗೆ ಪುಣೆಯ ಬಿಬವೇವಾಡಿಯ ನಮ್ಮ ಮನೆ ಪೂರ್ತಿ ಕತ್ತಲಾಗುವುದಿಲ್ಲ. ಎದುರಿನ ಔಷಧಿ ಅಂಗಡಿಯ ಬೋರ್ಡಿನ ಹಸಿರು ಬೆಳಕು ಕಿಟಕಿಯಿಂದ ಒಳಗೆ ಬೀಳುತ್ತದೆ. ನನ್ನ ನೆನಪಿನಲ್ಲಿ ಆ ಹಸಿರು ಇಲ್ಲ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಅವ್ವ ಅಪ್ಪನ ಮೇಜಿನ ಮುಂದೆ ಕುಳಿತಿದ್ದಳು, ಮೇಜಿನ ದೀಪ ಹತ್ತಿರಲಿಲ್ಲ.

ಅದು ಹತ್ತಲೆಂದೇ ಮನೆಯ ವೈರಿಂಗ್ ಬಿಚ್ಚಿಸಿದ್ದೆ. ಅಪ್ಪ ತೀರಿಕೊಂಡ ಕೆಲವೇ ತಿಂಗಳಿಗೆ ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ವಾಕರ್ ಹಿಡಿದು ನಡೆಯುವಳು, ಆದರೆ ಒಂದು ಕೈ ಬಿಟ್ಟು ಸ್ವಿಚ್ ಒತ್ತಲು ಹೆದರುವಳು. ನಾನು, ನನ್ನ ಹೆಂಡತಿ ಇಬ್ಬರೂ ಹಗಲಿಡೀ ಹೊರಗೆ. ಮಾತಿಗೆ ದೀಪ ಹತ್ತುವ ವ್ಯವಸ್ಥೆಯಾದರೆ ಅವಳು ಒಬ್ಬಳೇ ಇರಬಲ್ಲಳು. ಅವಳಿಗೆ ಬೇಕಿದ್ದುದೂ ಅದೇ. "ನನ್ನ ಕಾಯಲಿಕ್ಕೆ ಯಾರನ್ನೂ ತಂದು ಕೂಡಸಬ್ಯಾಡ್ರಪಾ," ಎಂದಿದ್ದಳು.

ಎಲೆಕ್ಟ್ರಿಷಿಯನ್ ಪ್ರತಿ ಸ್ವಿಚ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಕೂರಿಸಿದ. ಒಟ್ಟು ಹದಿನಾಲ್ಕು ಸರ್ಕ್ಯೂಟು. ಮೊಬೈಲಿನಲ್ಲಿ ಅವು ಒಂದರಿಂದ ಹದಿನಾಲ್ಕು ಅಂಕಿಗಳಾಗಿ ಕಾಣಿಸಿದವು. "ನಂಬರಚ್ ರಾಹೂ ದ್ಯಾ, ಸಾಹೇಬ," ಎಂದ. ನಂಬರೇ ಇರಲಿ, ಮುಂದೆ ರಿಪೇರಿಗೆ ಬಂದವನಿಗೆ ಸುಲಭ ಎಂಬುದು ಅವನ ವಾದ. ಅವನ ಮಾತು ಕೇಳಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಎರಡು ಭಾನುವಾರ ಹೆಸರಿಡುವುದರಲ್ಲಿ ಕಳೆದೆ. ಮೊದಲು ಟ್ಯೂಬು, ಬಲ್ಬು ಎಂದು ವಿಂಗಡಿಸಿ ಅಳಿಸಿದೆ. ಆಮೇಲೆ ಬೆಳಗಿನವು, ಸಂಜೆಯವು ಎಂದು ಮಾಡಿ ಅದನ್ನೂ ಅಳಿಸಿದೆ. ಕೊನೆಗೆ ಉಳಿದ ನಿಯಮ ಒಂದೇ: ಅವ್ವನ ಬಾಯಲ್ಲಿ ಈಗಾಗಲೇ ಇರುವ ಮಾತು. ಅಡಗಿಮನಿ, ಬಚ್ಚಲ, ದೇವರಮನಿ, ಪಡಸಾಲಿ.

ಹೆಂಡತಿ ಬೆಂಗಳೂರಿನವಳು. "ಪಡಸಾಲೆ ಯಾಕೆ? ಹಾಲ್ ಅಂದ್ರೆ ಸಾಕಲ್ವಾ, ಅತ್ತೆ?" ಎಂದಳು.

"ಹಾಲ್‌ನ್ಯಾಗ ಮದವಿ ಮಾಡ್ತಾರವಾ. ನಾವು ಪಡಸಾಲ್ಯಾಗ ಕೂಡೂ ಮಂದಿ."

ಯಂತ್ರಕ್ಕೆ ಅವ್ವ ಬಹುವಚನದಲ್ಲಿ ಆಜ್ಞೆ ಕೊಡುತ್ತಿದ್ದಳು. "ಅಡಗಿಮನಿ ಆನ್ ಮಾಡ್ರಿ." ಅದಕ್ಕೇಕೆ ರೀ ಎಂದು ಕೇಳಿದರೆ, "ಇನ್ನೂ ಪರಿಚಯ ಆಗಿಲ್ಲಲ್ಲಪಾ," ಎಂದಳು.

ಹದಿನಾಲ್ಕನೆಯದು ಅಪ್ಪನ ಮೇಜಿನ ದೀಪ. ಅವ್ವ ಸಂಜೆ ಅಲ್ಲೇ ಕುಳಿತು ಪತ್ರಿಕೆ ಓದುವಳು. ಅದಕ್ಕೆ ನಾನು ಅಪ್ಪನ ಹೆಸರನ್ನೇ ಇಟ್ಟೆ. ಆ ವರ್ಷ ನಾನು ಆ ಹೆಸರನ್ನು ಒಂದೊಂದು ಕಡೆಯಿಂದ ತೆಗೆಸುತ್ತಿದ್ದೆ: ವಿದ್ಯುತ್ ಬಿಲ್ಲಿನಿಂದ, ಗ್ಯಾಸ್ ಪುಸ್ತಕದಿಂದ, ಸೊಸೈಟಿಯ ಫಲಕದಿಂದ. ಒಂದು ಕಡೆಯಾದರೂ ಉಳಿಯಲಿ ಅನ್ನಿಸಿತ್ತು. ಹಾಗನ್ನಿಸಿತ್ತು ಎಂದು ಈಗ ಬರೆಯುತ್ತಿದ್ದೇನೆ. ಅಂದು ಬರೀ ದಣಿದು ಮೊದಲು ಹೊಳೆದದ್ದನ್ನು ಒತ್ತಿರಲೂಬಹುದು.

ಆಮೇಲೆ ಆ ಸಂಜೆ. "ಯಾಕವ್ವಾ, ದೀಪಾ ಹಚ್ಚಿಲ್ಲಲ್ಲ?"

"ಕಣ್ಣಿಗೆ ಹಿತ ಅನಸ್ತು."

ಮರುದಿನವೂ ಹಾಗೇ ಕುಳಿತಿದ್ದಳು. ಮೂರನೆಯ ದಿನ, "ಏನನ್ನಬೇಕು ನೆನಪಾಗ್ಲಿಲ್ಲ ನೋಡು," ಎಂದಳು.

ಅವಳು ಸ್ನಾನಕ್ಕೆ ಹೋದಾಗ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದಳು: "ಬೇರೆ ಹದಿಮೂರೂ ಕರೆಕ್ಟಾಗಿ ಹೇಳ್ತಾರೆ. ಇದೊಂದೇ ಬರಲ್ಲ ಅಂದ್ರೆ... ಮಾವನ ಹೆಸರೇ ಮರ್ತುಹೋಯ್ತಾ?"

ಆ ಪ್ರಶ್ನೆಯ ನಂತರ ಅವ್ವನ ಪ್ರತಿ ಮಾತಿನಲ್ಲೂ ಮರೆವನ್ನು ಹುಡುಕತೊಡಗಿದೆ. ಹುಡುಕಿದರೆ ಸಿಗುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದಳು. ಒಂದೇ ಸುದ್ದಿಯನ್ನು ಎರಡು ಸಲ ಹೇಳಿದಳು. ಡಾಕ್ಟರ ಬಳಿ ಕರೆದೊಯ್ದೆ. ಇದು ಯಾವ ತಿಂಗಳು, ಮನೆ ಎಲ್ಲಿ ಎಂದು ಅವರು ಕೇಳಿದ್ದಕ್ಕೆ ತಟ್ಟನೆ ಉತ್ತರಿಸಿದಳು. ಗಂಡನ ಹೆಸರು ಕೇಳಿದಾಗ ಸುಮ್ಮನಾಗಿ ನನ್ನ ಮುಖ ನೋಡಿದಳು. ಸಹಾಯ ಕೇಳುತ್ತಿದ್ದಾಳೆ ಎಂದುಕೊಂಡು ನಾನೇ ಹೇಳಿದೆ. ಡಾಕ್ಟರು ಏನನ್ನೋ ಬರೆದುಕೊಂಡರು. ಇನ್ನು ಒಬ್ಬರನ್ನೇ ಬಿಡಬೇಡಿ ಎಂದರು. ಹಿಂತಿರುಗುವಾಗ ರಿಕ್ಷಾದಲ್ಲಿ ಅವ್ವ, "ಭಾಳ ಕಲತಾನಂತ ಕಾಣಸ್ತದ. ಏನೇನರೆ ಕೇಳತಾನ," ಎಂದಳು.

ಹಗಲು ಅವ್ವನ ಜೊತೆಗಿರಲು ಯಾರಾದರೂ ಸಿಗುತ್ತಾರೆಯೇ ಎಂದು ಪಾತ್ರೆ ತೊಳೆಯಲು ಬರುವ ಮಾವಶಿಯನ್ನು ಕೇಳಿದೆವು. ಇಂದಾಪುರದ ಕಡೆಯ ಹೆಂಗಸು, ಅವ್ವನಿಗಿಂತ ಸ್ವಲ್ಪ ಚಿಕ್ಕವರು. ಏಕೆ ಎಂದರು. ಹೀಗೆ ಹೀಗೆ, ಗಂಡನ ಹೆಸರೂ ನೆನಪಿಲ್ಲ ಎಂದೆ. ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. "ಆಜೀಂನಾ ನವರ್‍ಯಾಚ ನಾವ ಘ್ಯಾಯಲಾ ಲಾವತಾ?" ಅಜ್ಜಿಯ ಬಾಯಿಂದ ಗಂಡನ ಹೆಸರು ಹೇಳಿಸುತ್ತೀರಾ ಎಂದು ಕೇಳಿ ನಕ್ಕರು. ನಾವು ನಗಲಿಲ್ಲವಾದ್ದರಿಂದ ಅವರೂ ನಿಲ್ಲಿಸಿದರು.

ನಾನು ಧಾರವಾಡದಲ್ಲಿ ಹುಟ್ಟಿದವನು. ಹೆಂಡತಿ ಗಂಡನ ಹೆಸರು ಹಿಡಿಯಬಾರದು ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಬಾಗಿಲು ತಡೆದು ಪೀಡಿಸಿದಾಗ, ಒಡಪಿನ ಪದ್ಯದೊಳಗೆ ಅಡಗಿಸಿ ಅದನ್ನು ಹೇಳುತ್ತಾರೆ. ಉಳಿದಂತೆ 'ಇವರು', 'ನಿಮ್ಮಪ್ಪ'. ಅವ್ವನ ಬಾಯಲ್ಲಿ ಆ ಹೆಸರನ್ನು ನಾನು ಎಂದೂ ಕೇಳಿಲ್ಲ. ಒಡಪಿನಲ್ಲಿ ಒಮ್ಮೆ ಕೇಳಿದಂತಿದೆ, ಆದರೆ ಅದು ಅವಳಿಗೆ ಹೇಳಿಕೊಡುತ್ತಿದ್ದ ಸೋದರತ್ತೆಯ ದನಿಯೂ ಆಗಿರಬಹುದು. ಎಂದೂ ಕೇಳದ ಮಾತು ಇಲ್ಲವೆಂಬುದನ್ನು ಗಮನಿಸುವುದು ಹೇಗೆ? ಇದು ನೆಪ. ಗೊತ್ತು.

ಅಂದು ಸಂಜೆ ಅವ್ವನ ಎದುರು ಕುಳಿತೆ. "ಮೊದಲ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಅವರ ಹೆಸರು ಹಿಡದು ಆನ್ ಅನ್ನೂದು, ಆಫ್ ಅನ್ನೂದು. ಬುದ್ಧಿ ಅದನೋ ಇಲ್ಲೋ ನಿನಗ?"

"ಡಾಕ್ಟರ ಮುಂದ ಯಾಕ ಸುಮ್ಮನ ಕೂತಿ?"

"ನೀನ ಹೇಳಿದ್ಯಲ್ಲ."

ಮೊಬೈಲು ತೆರೆದು ಹೆಸರು ಅಳಿಸಿದೆ. 'ಮೇಜು' ಎಂದು ಬರೆದೆ. ಮತ್ತೊಂದು ಕಡೆಯಿಂದಲೂ ಅಪ್ಪ ಹೋದ. "ಮೇಜು ಆನ್ ಮಾಡ್ರಿ," ಎಂದಳು ಅವ್ವ, ದೀಪ ಹತ್ತಿತು, ಪತ್ರಿಕೆ ಬಿಚ್ಚಿದಳು. ಜೊತೆಗಿರುವವರನ್ನು ಹುಡುಕುವುದನ್ನು ನಿಲ್ಲಿಸಿದೆವು.

ಹೆಸರು ಬದಲಿಸಿದ ಕಡೆಯೇ, ಕೆಳಗೆ, ಅದುವರೆಗೆ ಆ ದೀಪ ಹತ್ತಿದ ಆರಿದ ಪಟ್ಟಿ ಇತ್ತು. ಬಹುತೇಕ ಎಲ್ಲ ಸಾಲಿನಲ್ಲೂ ಸ್ವಿಚ್ ಎಂದಿತ್ತು. ಒಂದೇ ಒಂದು ಸಾಲಿನಲ್ಲಿ: ಧ್ವನಿ, ಆನ್. ಮಧ್ಯಾಹ್ನ ಮೂರರ ಸುಮಾರಿಗೆ, ದೀಪ ಬೇಡದ ಹೊತ್ತಿನಲ್ಲಿ. ಯಾರ ಧ್ವನಿ ಎಂದು ಅದು ಬರೆದಿಡುವುದಿಲ್ಲ. ಮಾವಶಿಯನ್ನು ಕೇಳಿದೆ, ನಾನೇಕೆ ಹೇಳಲಿ ಎಂದರು. ಪರೀಕ್ಷೆಗೆಂದು ನಾನೇ ಒಮ್ಮೆ ಹೇಳಿದ್ದೆ, ಆದರೆ ಸಂಜೆಯ ಹೊತ್ತು ಎಂದು ನೆನಪು. ನನ್ನ ನೆನಪಿನ ಹಣೆಬರಹವನ್ನು ಮೊದಲೇ ಹೇಳಿದ್ದೇನೆ.

ಸಂಪ್ರದಾಯದಿಂದ ಸುಮ್ಮನಿರುವವಳೂ ಮರೆತು ಸುಮ್ಮನಿರುವವಳೂ ಹೊರಗಿನಿಂದ ಒಂದೇ ರೀತಿ ಕಾಣುತ್ತಾರೆ. ಕೇಳಿದರೆ ಅವ್ವ ಮತ್ತೆ ನನ್ನ ಮುಖ ನೋಡುವಳು, ನಾನು ಮತ್ತೆ ಹೇಳಿಬಿಡುವೆ. ಆದ್ದರಿಂದ ಕೇಳಿಲ್ಲ. ಅವಳಿಗೆ ಅಪ್ಪನ ಹೆಸರು ಇನ್ನೂ ನೆನಪಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.