ಶರಣಮ್ಮನವರ ಗಂಡ ಬಳಗಾನೂರು

ಗೆಳೆಯರೇ, ಇವತ್ತು ನನ್ನ ಕಂಪ್ಯೂಟರ್ ಪ್ರೋಗ್ರಾಮು ಒಂದು ಊರನ್ನೇ ಗಂಡನನ್ನಾಗಿ ಮಾಡಿಬಿಟ್ಟಿತು.

ಮಸ್ಕಿಯ ಹೊಲಿಗೆ ತರಬೇತಿಯ ಹೆಣ್ಣುಮಕ್ಕಳಿಗೆ ಗುರುತಿನ ಚೀಟಿ ಮಾಡುತ್ತಿದ್ದೆ. ಅಲ್ಲಿನ ಶರಣಮ್ಮ ಎಲ್ಲರ ವಿವರ ಟೈಪ್ ಮಾಡಿ ಫೈಲ್ ಕೊಟ್ಟಿದ್ದರು. ಸಾಲಿಗೊಬ್ಬರು: ಹೆಸರು, ಗಂಡನ ಹೆಸರು, ಊರು. ಪ್ರೋಗ್ರಾಮು ಸಾಲು ಓದಿ ಒಂದೊಂದನ್ನೂ ಅದರದರ ಖಾನೆಗೆ ಹಾಕುತ್ತದೆ. ಶರಣಮ್ಮ ತಮ್ಮ ಸಾಲಿನಲ್ಲಿ ಗಂಡನ ಹೆಸರನ್ನೇ ಬಿಟ್ಟಿದ್ದರಿಂದ, ಊರು ಜಾರಿ ಆ ಖಾನೆಗೆ ಬಂತು. ಚೀಟಿಯಲ್ಲಿ ‘ಗಂಡನ ಹೆಸರು: ಬಳಗಾನೂರು’ ಎಂದು ಅಚ್ಚಾಯಿತು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು.

“ಎಲ್ಲಾರ ಗಂಡಂದಿರ ಹೆಸರು ಹಾಕೀರಿ, ನಿಮ್ಮದ್ಯಾಕ ಬಿಟ್ಟೀರಿ?”

“ಅವ್ರ ಹೆಸರು ನಾ ಹೇಳಂಗಿಲ್ರಿ ಸರ.”

“ಹೇಳಬ್ಯಾಡ್ರಿ, ಟೈಪ್ ಮಾಡ್ರಿ.”

“ಬಾಯಿಲೆ ಹೇಳಿದ್ರೇನು, ಬೆರಳಿಲೆ ಹೇಳಿದ್ರೇನು, ಎಲ್ಡೂ ಒಂದ ಅಲ್ರಿ?”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರು ಗಂಡನಿಗೆ ಫೋನ್ ಹಚ್ಚಿ ನನ್ನ ಕೈಗಿತ್ತರು. ಆತ ತನ್ನ ಹೆಸರು ಹೇಳಿದ. ನಾನು ಟೈಪ್ ಮಾಡುವಾಗ ಶರಣಮ್ಮ ಕಿಟಕಿಯತ್ತ ಮುಖ ತಿರುಗಿಸಿದ್ದರು, ಆದರೆ ಸರಿಯಾಗಿ ಬರೆದೆನೋ ಇಲ್ಲವೋ ಎಂದು ಕದ್ದು ನೋಡಿದರು.

ಹೆಸರು ಬಿಟ್ಟುಹೋದರೆ ‘ಮಾಹಿತಿ ಇಲ್ಲ’ ಎಂದು ತೋರಿಸುವಂತೆ ಪ್ರೋಗ್ರಾಮು ತಿದ್ದಲು ಕೂತೆ. ಕೊನೆಗೆ ಬರೆದದ್ದು: ‘ಮಾಹಿತಿ ಐತಿ, ಹೇಳಂಗಿಲ್ಲ.’