ಹಿಮ ಏರದ ಇಳಿಜಾರಿನಲ್ಲಿ ಗೆಣಸಿನ ಬಳ್ಳಿ

ಇಬ್ಬನಿಯನ್ನೇ ಹೆಪ್ಪುಗಟ್ಟಿಸುವ ಹಿಮ ಬಿದ್ದು ಇದು ಎರಡನೆಯ ಬೆಳಗು. ಪಪುವಾ ನ್ಯೂಗಿನಿಯ ಎಂಗಾ ಬೆಟ್ಟಸೀಮೆಯ ಈ ಕಣಿವೆಯ ತಳದಲ್ಲಿ ಗೆಣಸಿನ ಎಲೆಗಳು ಕರ್ರಗೆ ಬೆಂದಂತೆ ಜೋತುಬಿದ್ದಿವೆ. ಮೇಲೆ, ಇಳಿಜಾರಿನ ತೋಟದಲ್ಲಿ ಮಾತ್ರ ದೊರ್ಕಾ ಲಕಾಯಿ ಹಸಿರಿನ ನಡುವೆ ಮಂಡಿಯೂರಿ ಬಳ್ಳಿಯ ತುದಿ ಕೊಯ್ಯುತ್ತಿದ್ದಾರೆ. ಬೇಲಿಯಾಚೆ ಬಲೆಚೀಲ ಹಿಡಿದ ಜನ ಕಾದು ನಿಂತಿದ್ದಾರೆ. ಅವರಲ್ಲಿ ದೊರ್ಕಾ ಅವರ ಮೈದುನ ಟಿಂಡಿವಿಯೂ ಒಬ್ಬರು.

"ಏನಪ್ಪಾ, ಮೋಡದಲ್ಲಿ ಗೆಣಸು ಬೆಳೀತದಾ ಅಂತ ನಗ್ತಿದ್ದೋನು ನೀನು. ಈಗ ನೀನೇ ಮೋಡ ಹತ್ತಿ ಬಂದ್ಯಲ್ಲ!"

"ಹತ್ತಿ ಹತ್ತಿ ಮಂಡಿ ಹಿಡ್ಕೊಂಡಿದೆ ಅತ್ತಿಗೆ. ಬೈಯೋದು ಆಮೇಲೆ ಬೈಯಿ, ಮೊದ್ಲು ಬಳ್ಳಿ ಕೊಡು."

ಎಲ್ಲರೂ ನಗುತ್ತಾರೆ. ದೊಡ್ಡದೊಂದು ಕಟ್ಟನ್ನೇ ದೊರ್ಕಾ ಮೈದುನನ ಚೀಲಕ್ಕೆ ತುರುಕುತ್ತಾರೆ.

ಇಲ್ಲಿ ಮನುಷ್ಯರಿಗೂ ಹಂದಿಗೂ ಗೆಣಸೇ ಅನ್ನ. ನೆಡಲು ಬೇಕಾದದ್ದು ಬಳ್ಳಿ. ಅದು ಸುಟ್ಟುಹೋದರೆ ಊರು ಬಿಟ್ಟು ಕೆಳಸೀಮೆಯ ನೆಂಟರಲ್ಲಿಗೆ ನಡೆಯಬೇಕು. ಹೊಸ ಸೊಸೆಯಾಗಿದ್ದಾಗ ದೊರ್ಕಾ ಹಾಗೆ ನಡೆದವರು, ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು.

"ದಾರೀಲಿ ಅತ್ತೇನೇ ಕೈ ತೋರ್ಸಿ, 'ಅಗೋ ನೋಡೇ, ಆ ಜರಿಗಿಡಕ್ಕೆ ಏನೂ ಆಗಿಲ್ಲ' ಅಂದ್ರು. ಕೆಳಗೆಲ್ಲ ಕಪ್ಪು, ಗೆರೆ ಎಳೆದ ಹಾಗೆ ಅದರ ಮೇಲೆ ಹಸಿರು."

ಕೆಳಸೀಮೆಯ ಸೆಕೆಯಲ್ಲಿ, ಸೊಳ್ಳೆ ಜ್ವರಕ್ಕೆ ಅತ್ತೆ ತೀರಿಕೊಂಡರು. "ಮಣ್ಣು ಮಾಡಿದ್ದು ಪರರ ನೆಲದಲ್ಲಿ," ಎನ್ನುವಾಗ ದೊರ್ಕಾ ಅವರ ಕೈ ನಿಲ್ಲುತ್ತದೆ.

ಮೋಡವಿಲ್ಲದ ರಾತ್ರಿ ತಣ್ಣನೆ ಗಾಳಿ ನೀರಿನಂತೆ ಇಳಿದು ತಳದಲ್ಲಿ ಮಡುಗಟ್ಟುತ್ತದೆ. ಅದಕ್ಕೇ ತಳದಲ್ಲಿ ತಾನಾಗಿ ಬೆಳೆಯುವುದು ಹುಲ್ಲಷ್ಟೇ. ನಡು ಇಳಿಜಾರಿನಲ್ಲಿ ಜರಿಗಿಡ, ಕೇದಗೆ ಜಾತಿಯ ಮರ. ಅದಕ್ಕೂ ಮೇಲೆ ಬಿಸಿಲು ಕಾಣದ, ಪಾಚಿ ಹೊದ್ದ ಕಾಡು. ಊರಿಗೆ ಮರಳಿದ ದೊರ್ಕಾ ಜರಿಗಿಡದ ನಡುವೆಯೇ ತೋಟ ಮಾಡಿದರು. ಅಲ್ಲಿ ಮಣ್ಣು ತೆಳು, ಮಳೆಗೆ ಜಾರುತ್ತದೆ; ಗೆಡ್ಡೆ ಹೆಬ್ಬೆರಳಷ್ಟೇ ದಪ್ಪ. ಕಾಡುಹಂದಿ ಬೇಲಿ ಮುರಿದಾಗಲೆಲ್ಲ ಮತ್ತೆ ಕಟ್ಟಿದರು. "ತಿನ್ನೋಕಾಗದ್ದಕ್ಕೆ ಯಾಕೆ ಸಾಯ್ತೀಯ?" ಎಂದು ಗಂಡನೇ ಗದರಿದ್ದುಂಟು. ಬಳ್ಳಿ ಉಳಿದರೆ ಸಾಕೆಂದು ವರ್ಷ ವರ್ಷವೂ ನೆಟ್ಟರು.

ಈ ಸಲ ಹಿಮ ಬಿದ್ದ ಬೆಳಗ್ಗೆ ಬೆಳ್ಳಗಾದ ಹುಲ್ಲು ತುಳಿಯುತ್ತ ಅವರು ಮೇಲಕ್ಕೆ ಓಡಿದರು.

"ಎಲೆ ಮುಟ್ಟಿದೆ. ಮೆತ್ತಗಿತ್ತು, ಸುಟ್ಟಿರ್ಲಿಲ್ಲ. ಅಲ್ಲೇ ಕುಸಿದು ಗಳಗಳ ಅತ್ತುಬಿಟ್ಟೆ. ಆಮೇಲೆ ಕಣಿವೆಗೆಲ್ಲ ಕೇಳೋ ಹಾಗೆ ಕೂಗು ಹಾಕ್ದೆ, 'ಬಳ್ಳಿ ಇದೆ! ಯಾರೂ ಗಂಟು ಕಟ್ಟಬೇಡಿ!'"

ಹೊಸ ಗೆಡ್ಡೆ ಬಲಿಯುವವರೆಗೆ ಹೊಟ್ಟೆ ಬಿಗಿಹಿಡಿಯಬೇಕು. ತಿನ್ನಿಸಲು ಸಾಲದೆ ಕೆಲವು ಹಂದಿಗಳು ಕೈಬಿಟ್ಟು ಹೋಗುತ್ತವೆ, ಕೆಳಸೀಮೆಯ ನೆಂಟರು ಗೆಣಸು ಹೊತ್ತು ತರುತ್ತಾರೆ. ಆದರೆ ಊರು ಬಿಡುವವರು ಯಾರೂ ಇಲ್ಲ. ಮತ್ತೆ ಚಿಗುರಲೆಂದು ಒಂದು ಪಟ್ಟಿ ಬಳ್ಳಿ ಉಳಿಸಿಕೊಂಡು ದೊರ್ಕಾ ಸೊಂಟ ನೀವಿಕೊಳ್ಳುತ್ತಾ ಏಳುತ್ತಾರೆ. ಬಳ್ಳಿಗೆ ಬದಲಾಗಿ ನಿಮಗೇನು ಬೇಕು ಎಂದು ಕೇಳಿದರೆ ಕಣಿವೆಯತ್ತ ಗಲ್ಲ ಎತ್ತುತ್ತಾರೆ.

"ಸಂಜೆ ಇಲ್ಲಿ ನಿಂತು ನೋಡಿದ್ರೆ ಎಲ್ಲಾರ ಮನೆ ಸೂರಿಂದ್ಲೂ ಹೊಗೆ ಏಳ್ಬೇಕು. ನಿನ್ನೆ ನೋಡ್ದೆ. ಒಂದು ಮನೇನೂ ಬಿಡದ ಹಾಗೆ ಎದ್ದಿತ್ತು."